ಡ್ರಿಲ್ ಮೇಷ್ಟ್ರು, ಸೂಜಿ ಮತ್ತು ಆಲೆಮನೆ

ಮೊನ್ನೆ ಕೆ.ಆರ್. ಪೇಟೆಯಲ್ಲಿ ಒಂದು ಮದುವೆ ಮುಗಿಸಿಕೊಂಡು ಪಾಂಡವಪುರದ ಕಡೆ ಬರುತ್ತಿದ್ದೆ. ಬೂಕನಕೆರೆ ದಾಟುವಾಗ ಬಸ್ಸಿನ ಕಿಟಕಿಯಿಂದ ಪಾಕದ ವಾಸನೆ ನುಗ್ಗಿತು. ಕಬ್ಬಿನ ಹಾಲು ಕುದ್ದು ಕುದ್ದು ಇನ್ನೇನು ಬೆಲ್ಲವಾಗಬೇಕು ಎನ್ನುವಾಗ ಬರುವ ವಾಸನೆ ಅದು. ಸಿಹಿಯೂ ಹೌದು, ಸ್ವಲ್ಪ ಸುಟ್ಟಂತೆಯೂ ಹೌದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಆಹಾ ಅಂತ ಮೂಗರಳಿಸಿದಳು. ನಾನು ಮಾತ್ರ ಕಿಟಕಿ ಎಳೆದು ಮುಚ್ಚಿದೆ. ಎಲ್ಲರ ಬಾಯಲ್ಲೂ ನೀರೂರಿಸುವ ಈ ವಾಸನೆಗೆ ಹೆದರುವ ಹೆಂಗಸು ಇಡೀ ಮಂಡ್ಯ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಅರವತ್ತರ ದಶಕದ ಮಾತು. ನಾನು ಶ್ರೀರಂಗಪಟ್ಟಣದ ಹತ್ತಿರದ ಕಿರಂಗೂರಿನವಳು. ಹೊಲ, ಗದ್ದೆ, ಹಸು ಇದ್ದ ಮನೆ. ನಮ್ಮ ಯಜಮಾನರದು ನಾಗಮಂಗಲದ ಕಡೆ. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಒಳಗೆ ಬಂದು, 'ಹುಡುಗ ಹಲಸಿನ ಮರದ ಕೊರಡು ಇದ್ದಂಗವ್ನೆ, ಕಾಯಿಲೆ ಕಸಾಲೆ ಹತ್ರ ಸುಳಿಯಾಕಿಲ್ಲ' ಎಂದು ಖುಷಿಪಟ್ಟಿದ್ದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಆ ಕೊರಡು ಒಣಗತೊಡಗಿತು. ಎಷ್ಟು ಉಂಡರೂ ಹಸಿವು, ಎಷ್ಟು ಕುಡಿದರೂ ದಾಹ. ಮೈಸೂರಿನ ಆಸ್ಪತ್ರೆಗೆ ಹೋದಾಗ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಮಾತ್ರೆಗೆ ಬಗ್ಗುವ ಜಾತಿಯದಲ್ಲ, ಬದುಕಿರುವಷ್ಟು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಇವರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ.

ಇವರು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ. 'ಓಡಬಹುದಾ ಸಾರ್?' ಬದುಕುತ್ತೀನಾ ಅಂತ ಕೇಳಲಿಲ್ಲ, ಹೆಂಡತಿಯ ಗತಿ ಏನು ಅಂತಲೂ ಕೇಳಲಿಲ್ಲ. ನನಗೆ ಅಲ್ಲೇ ಸಿಟ್ಟು ಬಂತು. ಡಾಕ್ಟರು ನಕ್ಕು, ಓಡಿ, ಆದರೆ ಓಡಿದರೆ ರಕ್ತದ ಸಕ್ಕರೆ ಸರ್ರನೆ ಇಳಿಯುತ್ತದೆ, ಹೊಟ್ಟೆಗೆ ಹಾಕಿಕೊಂಡೇ ಮೈದಾನಕ್ಕೆ ಹೋಗಿ, ಜೇಬಿನಲ್ಲಿ ಕಲ್ಲುಸಕ್ಕರೆ ಇರಲಿ, ಬೆವರು ಬಂದು ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಿ ಎಂದರು. ಸಕ್ಕರೆ ಕಾಯಿಲೆಗೆ ಸಕ್ಕರೆಯೇ ಮದ್ದು ಎಂದದ್ದು ನನ್ನ ತಲೆಗೆ ಹತ್ತಲು ತಿಂಗಳುಗಳೇ ಹಿಡಿದವು.

ಅದೇ ವರ್ಷ ಬೂಕನಕೆರೆಗೆ ವರ್ಗವಾಯಿತು. ಹೊಸ ಊರಿನಲ್ಲಿ ಯಾರಿಗೂ ಕಾಯಿಲೆಯ ವಿಷಯ ಹೇಳಬಾರದು ಎಂದು ಇವರು ನನ್ನಿಂದ ಮಾತು ತೆಗೆದುಕೊಂಡರು. ಮೇಲಿನವರಿಗೆ ಗೊತ್ತಾದರೆ ಮೈದಾನ ಬಿಡಿಸಿ ಆಫೀಸಿನಲ್ಲಿ ಮೇಜಿನ ಮುಂದೆ ಕೂರಿಸುತ್ತಾರೆ ಎನ್ನುವುದು ಇವರ ಭಯ. ನನಗೆ ಒಳಗೊಳಗೇ ಅದೇ ಬೇಕಾಗಿತ್ತು. ಫ್ಯಾನಿನ ಕೆಳಗೆ ಕೂತು ಲೆಕ್ಕ ಬರೆದುಕೊಂಡಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಮೈದಾನದಿಂದ ಬರುವಾಗ ಇವರ ಮುಖ ನೋಡಿದವರು ಯಾರೂ ಆ ಮಾತು ಆಡಲಾರರು.

ಚಿಕ್ಕೇಗೌಡರ ಮನೆಯ ಪಕ್ಕದ ಎರಡು ಕೋಣೆ ನಮಗೆ ಬಾಡಿಗೆಗೆ ಸಿಕ್ಕಿತು. ಗೌಡರಿಗೆ ನೀರಾವರಿ ಜಮೀನಿತ್ತು, ಶಾಲೆಯ ಮೈದಾನದ ಪಕ್ಕದಲ್ಲೇ ಕಬ್ಬು ಅರೆದು ಬೆಲ್ಲ ಮಾಡುವ ಸ್ವಂತ ಆಲೆಮನೆಯಿತ್ತು, ಹಾಗೆಯೇ ಊರಿಗೆಲ್ಲ ಕೇಳುವಂಥ ಗಂಟಲೂ ಇತ್ತು. ಅವರ ಹೆಂಡತಿ ನಿಂಗವ್ವನಿಗೆ ಗಂಟಲು ಅಷ್ಟಿಲ್ಲದಿದ್ದರೂ ಗೌಡರು ಹೆದರುತ್ತಿದ್ದದ್ದು ಅವರಿಗೊಬ್ಬರಿಗೇ. ನನ್ನನ್ನು ಕಂಡ ಮೊದಲ ದಿನವೇ ಅಮ್ಮಣ್ಣಿ ಎಂದು ಕರೆದು, ತಲೆಗೆ ಎಣ್ಣೆ ಹಚ್ಚಿ, ಬೈದು, ಮಗಳನ್ನಾಗಿ ಮಾಡಿಕೊಂಡುಬಿಟ್ಟರು.

ಬೆಳಗಾಗೆದ್ದರೆ ನಮ್ಮ ಮನೆಯಲ್ಲಿ ಕಾಫಿಗಿಂತ ಮೊದಲು ಕುದಿಯುತ್ತಿದ್ದದ್ದು ಗಾಜಿನ ಸಿರಿಂಜು. ಪಂಪ್ ಸ್ಟೌವಿನ ಮೇಲೆ ಸಣ್ಣ ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ಬಟ್ಟೆ ಹಾಸಿ, ಸಿರಿಂಜು, ಅದರ ಒಳದಂಡ, ಸೂಜಿ ಮೂರನ್ನೂ ಬೇರೆ ಬೇರೆ ಮಲಗಿಸಿ ಕುದಿಸಬೇಕು. ಸೂಜಿ ಮೊಂಡಾದರೆ ನುಣುಪು ಕಲ್ಲಿನ ಮೇಲೆ ಮಸೆಯಬೇಕು. ಇನ್ನೊಂದು ಕಡೆ ಗಾಜಿನ ನಳಿಗೆಯಲ್ಲಿ ನೀಲಿ ಔಷಧಿಗೆ ಮೂತ್ರದ ಹನಿ ಬಿಟ್ಟು ಕಾಯಿಸಿ ಬಣ್ಣ ನೋಡಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆಯ ಬಣ್ಣ ಬಂದರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಇನ್ಸುಲಿನ್ ಬಾಟಲಿ ಒದ್ದೆ ಮರಳು ತುಂಬಿದ ಮಡಕೆಯೊಳಗೆ ತಣ್ಣಗೆ ಕೂತಿರುತ್ತಿತ್ತು. ಆ ಮಡಕೆಗೆ ನಾನು ತೋರಿಸುತ್ತಿದ್ದ ಭಯಭಕ್ತಿಯನ್ನು ದೇವರ ಗೂಡಿಗೂ ತೋರಿಸುತ್ತಿರಲಿಲ್ಲ.

ಸಕ್ಕರೆ ಏರಿದ್ದನ್ನು ನಳಿಗೆ ಹೇಳುತ್ತಿತ್ತು. ಇಳಿದದ್ದನ್ನು ಹೇಳುವ ನಳಿಗೆ ಇರಲಿಲ್ಲ, ಅದನ್ನು ನಾನೇ ಕಂಡುಕೊಳ್ಳಬೇಕಾಯಿತು. ಹೆಚ್ಚು ಓಡಿ ಬಂದ ದಿನ ಇವರು ಸುಮ್ಮಸುಮ್ಮನೆ ರೇಗುತ್ತಿದ್ದರು. ಮುದ್ದೆ ಗಟ್ಟಿಯಾಯಿತು, ಸಾರು ತೆಳ್ಳಗಾಯಿತು, ಚಾಪೆ ವಾರೆಯಾಗಿದೆ ಎಂದು ಎಲ್ಲದಕ್ಕೂ ತಕರಾರು. ಮೊದಮೊದಲು ನಾನೂ ತಿರುಗಿ ಕೂಗಾಡುತ್ತಿದ್ದೆ. ಆಮೇಲೆ ತುಟಿಯ ಮೇಲಿನ ತಣ್ಣನೆ ಬೆವರು ಕಣ್ಣಿಗೆ ಬಿತ್ತು. ಅಂದಿನಿಂದ ಮಾತಿಗೆ ಮೊದಲು ಕಲ್ಲುಸಕ್ಕರೆ ಬಾಯಿಗೆ ತುರುಕುತ್ತಿದ್ದೆ. ಸ್ವಲ್ಪ ಹೊತ್ತಿಗೆ, 'ಏನೇ, ಸಾರು ಚೆನ್ನಾಗಿದೆಯಲ್ಲೇ' ಎನ್ನುತ್ತಿದ್ದರು. ಕಲ್ಲುಸಕ್ಕರೆ ತಿಂದ ಮೇಲೂ ರೇಗಾಡಿದರೆ ಅದು ಕಾಯಿಲೆಯಲ್ಲ, ಹುಟ್ಟುಗುಣ ಎಂದು ತಿಳಿದು ಆಗ ಜಗಳಕ್ಕೆ ನಿಲ್ಲುತ್ತಿದ್ದೆ.

ಸಂಕ್ರಾಂತಿ ಕಳೆದು ಆಲೆಮನೆ ಶುರುವಾಯಿತು. ಬೆಳಗಿನ ಮಂಜಿನಲ್ಲಿ ಎತ್ತುಗಳು ಗಾಣ ಸುತ್ತುವ ಸದ್ದು, ಒಲೆಗೆ ತುಂಬುವ ಒಣ ಸಿಪ್ಪೆಯ ಚಟಪಟ, ಊರೆಲ್ಲ ಆ ವಾಸನೆ. ಆಲೆಮನೆಯ ಮುಂದೆ ಹಾದುಹೋಗುವವರು ಯಾರೇ ಆಗಲಿ, ಗುರುತಿರಲಿ ಇಲ್ಲದಿರಲಿ, ಕರೆದು ಒಂದು ಚೊಂಬು ಕಬ್ಬಿನ ಹಾಲು, ಅಂಗೈ ತುಂಬ ಬಿಸಿ ಬೆಲ್ಲ ಕೊಡದೆ ಕಳಿಸುವ ಹಾಗಿಲ್ಲ. ಕೊಟ್ಟದ್ದನ್ನು ಬೇಡ ಎನ್ನುವ ಹಾಗೂ ಇಲ್ಲ. ಬೇಡ ಎಂದರೆ ಜಗಳಕ್ಕೆ ಕರೆದಂತೆಯೇ. ನಮ್ಮ ಯಜಮಾನರು ದಿನಾ ಎರಡು ಹೊತ್ತು ಅದರ ಮುಂದೆಯೇ ಮೈದಾನಕ್ಕೆ ಹೋಗಬೇಕು. ಹೊಟ್ಟೆ ಸರಿಯಿಲ್ಲ, ಹಲ್ಲು ನೋವು, ಇವತ್ತು ಒಪ್ಪೊತ್ತು ಎಂದು ನೆಪಗಳೆಲ್ಲ ಖರ್ಚಾದ ಮೇಲೆ ಒಂದು ದಿನ ಗೌಡರು ದಾರಿಗೆ ಅಡ್ಡ ನಿಂತರು.

'ಏನ್ ಮೇಷ್ಟ್ರೇ, ನಮ್ ಬೆಲ್ಲಕ್ಕೇನ್ ಬಂದದೆ? ದಾರೀಲಿ ಓಗೋ ಬಿಕ್ಸದೋನೂ ಬಾಯಿ ಸಿಹಿ ಮಾಡ್ಕಂಡ್ ಓಯ್ತಾನೆ, ನೀವು ಮೊಕ ತಿರುಗ್ಸ್ಕಂಡ್ ಓಯ್ತೀರಲ್ಲ!'

ಇವರು ಸಿಕ್ಕಿಬಿದ್ದರು. ಮೆಲ್ಲಗೆ, 'ತಪ್ಪು ತಿಳೀಬೇಡಿ ಗೌಡ್ರೆ. ನನಗೆ ಸಕ್ಕರೆ ಕಾಯಿಲೆ. ಬೆಲ್ಲ ನನಗೆ ವಿಷ ಇದ್ದಂಗೆ' ಎಂದುಬಿಟ್ಟರು. ಹೆಡ್‌ಮೇಷ್ಟ್ರಿಗೆ ಮಾತ್ರ ತಿಳಿಸಬೇಡಿ ಎಂದು ಕೈ ಮುಗಿದರು. ಗೌಡರು ಚೊಂಬು ಕೆಳಗಿಟ್ಟು, ಕಣ್ಣು ಒದ್ದೆ ಮಾಡಿಕೊಂಡು, ತಾಯಾಣೆ ಯಾರಿಗೂ ಹೇಳುವುದಿಲ್ಲ ಎಂದರಂತೆ. ಸಂಜೆಗೆ ಊರಿಗೇ ಗೊತ್ತಾಗಿತ್ತು. ಆದರೆ ಒಂದು ಮಾತು ಹೇಳಲೇಬೇಕು. ಊರಿಗೆ ಗೊತ್ತಾದದ್ದು ಶಾಲೆಯ ಕಾಂಪೌಂಡಿನೊಳಗೆ ಕಾಲಿಡಲಿಲ್ಲ. ಹೆಡ್‌ಮೇಷ್ಟ್ರೊಬ್ಬರ ಕಿವಿಗೆ ಬೀಳದಂತೆ ಎಲ್ಲರೂ ಆ ಗುಟ್ಟನ್ನು ಕಾಪಾಡಿದರು.

ಅಂದಿನಿಂದ ಶುರುವಾಯಿತು ನೋಡಿ ಪ್ರೀತಿಯ ಕಾವಲು. ಹೋಟೆಲಿನವನು ಇವರನ್ನು ಕಂಡರೆ ಸಕ್ಕರೆ ಡಬ್ಬವನ್ನೇ ಒಳಗಿಡುತ್ತಿದ್ದ. ನಿಂಗವ್ವ ಹಬ್ಬದ ಒಬ್ಬಟ್ಟು ಮಾಡಿದರೆ ಇವರ ಪಾಲಿಗೆ ಖಾರದ ವಡೆ ಬರುತ್ತಿತ್ತು. ಆಲೆಮನೆಯ ಆಳುಗಳು ಇವರು ಬರುವುದನ್ನು ಕಂಡು ಬೆಲ್ಲದ ಮೇಲೆ ಗೋಣಿತಾಟು ಮುಚ್ಚುತ್ತಿದ್ದರು. ಓಡಿದಾಗ ಸಕ್ಕರೆ ಬೇಕಾಗುತ್ತದೆ ಎನ್ನುವ ಇನ್ನರ್ಧ ಸಂಗತಿಯನ್ನು ನಿಂಗವ್ವನಿಗೆ ವಿವರಿಸಲು ಹೋದೆ. 'ಸುಮ್ಕಿರು ಅಮ್ಮಣ್ಣಿ, ಅವ್ರಾಸೆಗೆ ನೀನೂ ತಾಳ ಆಕ್ಬ್ಯಾಡ' ಎಂದು ನನಗೇ ಬೈದರು.

ಆಮೇಲೆ ಸಿರಿಂಜಿನ ಕತೆ. ಒಂದು ದಿನ ನನಗೆ ಜ್ವರ ಬಂದು ಮಲಗಿದ್ದೆ. ನಿಂಗವ್ವ ಬಂದು ಗಂಜಿ ಕಾಯಿಸಿಟ್ಟು, ಪಾತ್ರೆಗಳನ್ನೆಲ್ಲ ಹೊರಗೆ ಒಯ್ದು, ತೆಂಗಿನ ನಾರಿನಲ್ಲಿ ಬೂದಿ ಹಾಕಿ ತಿಕ್ಕಿದರು. ಪಾತ್ರೆಯೊಳಗಿದ್ದ ಸಿರಿಂಜನ್ನೂ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ನೋಡಿದರೆ ಸಿರಿಂಜು ಮಿರಮಿರ ಮಿಂಚುತ್ತಿದೆ, ಒಳಗಿನ ದಂಡ ಮಾತ್ರ ಅಲ್ಲಾಡುವುದಿಲ್ಲ. ಸಂದಿಯಲ್ಲಿ ಬೂದಿ ಕಚ್ಚಿಕೊಂಡಿತ್ತು. ಬಿಸಿನೀರಿನಲ್ಲಿಟ್ಟರೂ ಬಿಡಲಿಲ್ಲ. ಇವರು ತಾಳ್ಮೆ ಕಳೆದುಕೊಂಡು ತಿರುಚಿದರು. ಟಕ್ಕೆಂದು ಗಾಜು ಎರಡು ಹೋಳಾಯಿತು.

ನಿಂಗವ್ವ ಬಾಗಿಲಲ್ಲೇ ಕುಸಿದು ಕೂತರು. 'ಗಾಜು ಪಳಪಳ ಅನ್ಲಿ ಅಂತ ಒಸಿ ಬೂದಿ ಆಕಿ ಉಜ್ಬುಟ್ಟೆ ಕಣವ್ವಾ... ನನ್ ಕೈಗಷ್ಟು ಬೆಂಕಿ ಆಕಾ.'

ಅವರನ್ನು ಸಮಾಧಾನ ಮಾಡುವುದೋ ಇವರನ್ನು ನೋಡಿಕೊಳ್ಳುವುದೋ ತಿಳಿಯಲಿಲ್ಲ. ಊರಲ್ಲಿ ಬೇರೆ ಸಿರಿಂಜಿಲ್ಲ. ಇನ್ಸುಲಿನ್ ಅಳೆಯುವ ಗೆರೆ ಇರುವ ಸಿರಿಂಜು ಬರಬೇಕಾದರೆ ಮೈಸೂರಿನಿಂದಲೇ ಬರಬೇಕು. ಗೌಡರು ಹೋಗಿ ಬಸ್ಸಿನ ಕಂಡಕ್ಟರನಿಗೆ ಹಣ, ಮುರಿದ ತುಂಡು ಎರಡನ್ನೂ ಕೊಟ್ಟು, ಇಂಥದ್ದೇ ತರದಿದ್ದರೆ ನಾಳೆಯಿಂದ ನಿನ್ನ ಬಸ್ಸನ್ನು ಊರಲ್ಲಿ ನಿಲ್ಲಲು ಬಿಡುವುದಿಲ್ಲ ಎಂದು ಬೆದರಿಸಿ ಬಂದರು. ಬಸ್ಸು ತಿರುಗಿ ಬರುವುದು ಮಾರನೆಯ ಬೆಳಿಗ್ಗೆ. ಅಲ್ಲಿಯತನಕ ಔಷಧಿ ಮಡಕೆಯಲ್ಲಿದೆ, ಮೈಯೊಳಗೆ ಹೋಗಲು ದಾರಿಯಿಲ್ಲ.

ಡಾಕ್ಟರು ಹೇಳಿದ್ದೆಲ್ಲ ನೆನಪು ಮಾಡಿಕೊಂಡೆ. ಇವರನ್ನು ಮೈದಾನಕ್ಕೆ ಬಿಡಲಿಲ್ಲ, ಶಾಲೆಗೆ ರಜಾ ಹೇಳಿ ಕಳಿಸಿದೆ. ಮುದ್ದೆ ಅನ್ನ ಎರಡೂ ಬಂದ್ ಮಾಡಿ, ಸೊಪ್ಪು ಬೇಯಿಸಿ ಹಾಕಿ, ಚೊಂಬುಗಟ್ಟಲೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದೆ. ಸಂಜೆಗೆ ನಳಿಗೆ ಇಟ್ಟಿಗೆಯ ಬಣ್ಣಕ್ಕೆ ಬಂತು. ಡಾಕ್ಟರು ಎಚ್ಚರಿಸಿದ್ದ ಹಾಗೆಯೇ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಬರತೊಡಗಿತು. ಬೆಳಿಗ್ಗೆ ಸಿರಿಂಜು ಬರದಿದ್ದರೆ ಗಾಡಿ ಕಟ್ಟಿಸಿಯಾದರೂ ಆಸ್ಪತ್ರೆಗೆ ಹೊರಡುವುದು ಎಂದು ಬಟ್ಟೆ ಗಂಟು ಕಟ್ಟಿಟ್ಟೆ. ಕಂಡಕ್ಟರ್ ದೇವರಂಥವನು, ಹತ್ತಿಯಲ್ಲಿ ಸುತ್ತಿದ ಸಿರಿಂಜನ್ನು ಜೇಬಿನಲ್ಲಿಟ್ಟುಕೊಂಡು ಮೊದಲನೇ ಬಸ್ಸಿಗೇ ಬಂದ.

ಎಲ್ಲ ಸುಖವಾಯಿತು ಎನ್ನುವ ಹೊತ್ತಿಗೆ ನಮ್ಮ ಯಜಮಾನರ ಬುದ್ಧಿ ಓಡಿತು. ಒಂದು ದಿನ ತಪ್ಪಿದೆಯಲ್ಲ, ಅದನ್ನೂ ಸೇರಿಸಿಬಿಡೋಣ ಎಂದು ನಾನು ಹಿತ್ತಲಿಗೆ ಹೋಗಿದ್ದಾಗ ದಿನದ ಅಳತೆಗಿಂತ ಜಾಸ್ತಿ ಚುಚ್ಚಿಕೊಂಡರು, ನನಗೆ ಗೊತ್ತಾದದ್ದು ಆಮೇಲೆ. ಮಧ್ಯಾಹ್ನಕ್ಕೆ ಚೇತರಿಸಿಕೊಂಡರು, ಒಂದು ತುತ್ತು ಉಂಡರು. ಕೆ.ಆರ್. ಪೇಟೆಯಲ್ಲಿ ತಾಲ್ಲೂಕು ಪಂದ್ಯ ಹತ್ತಿರ ಬಂದಿತ್ತು, ಹುಡುಗರನ್ನು ತಯಾರು ಮಾಡಬೇಕೆಂದು ಮೈದಾನಕ್ಕೆ ಎದ್ದರು. ಮಲಗಿರಿ ಎಂದು ನಾನು ಹೇಳಿದ್ದು ಕಿವಿಗೇ ಬೀಳಲಿಲ್ಲ. ಇಟ್ಟಿಗೆಯ ಬಣ್ಣ ನೋಡಿದ ಮೇಲೆ ಜೇಬಿಗೆ ಸಕ್ಕರೆ ಯಾತಕ್ಕೆ ಎಂದು ಕಲ್ಲುಸಕ್ಕರೆಯ ಪೊಟ್ಟಣವನ್ನೂ ಗೂಟದ ಮೇಲಿದ್ದ ಅಂಗಿಯಲ್ಲೇ ಬಿಟ್ಟು ಹೋದರು.

ಬಿಸಿಲು ಇಳಿಯುವ ಹೊತ್ತಿಗೆ ಗಾಣದ ಕೆಲಸದ ಹೆಂಗಸೊಬ್ಬಳು ಓಡಿಬಂದಳು. 'ಬನ್ರವ್ವೋ, ಮೇಷ್ಟ್ರು ಬಿದ್ಬುಟ್ರು!'

ಚಪ್ಪಲಿ ಮೆಟ್ಟದೆ ಓಡಿದೆ. ಮೈದಾನದಿಂದ ಹೊತ್ತು ತಂದು ಆಲೆಮನೆಯ ಚಪ್ಪರದ ಕೆಳಗೆ ಮಲಗಿಸಿದ್ದರು. ಮೈಯೆಲ್ಲ ತಣ್ಣನೆ ಬೆವರು, ಅರೆ ತೆರೆದ ಕಣ್ಣು, ಬಾಯಲ್ಲಿ ಏನೋ ತೊದಲು. ಗೌಡರು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು, ನಿಂಗವ್ವ ಪಾದ ಉಜ್ಜುತ್ತಿದ್ದರು, ಯಾರೋ ಉಪ್ಪುನೀರು ಹಿಡಿದು ನಿಂತಿದ್ದರು. ಒಂದು ಆಳು ಪಾಪ, ಅಭ್ಯಾಸಬಲದಿಂದ ಕಬ್ಬಿನ ಹಾಲಿನ ಚೊಂಬು ತಂದ. ಗೌಡರು ಅವನ ಕೈಯಿಂದ ಚೊಂಬು ಹೊಡೆದು ಬೀಳಿಸಿದರು. 'ಸಾಯಿಸ್ಬುಡ್ತೀಯೇನ್ಲಾ ಬಡ್ಡೀಮಗ್ನೆ? ಸಕ್ರೆ ಕಾಯ್ಲೆ ಮನ್ಸಂಗೆ ಹಾಲ್ ಕುಡುಸ್ತಾನಂತೆ!'

ಸುತ್ತ ನೋಡಿದೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಗೋಡೆಯುದ್ದಕ್ಕೂ ಬೆಲ್ಲದ ಅಚ್ಚುಗಳನ್ನು ಪೇರಿಸಿದ್ದರು. ಇಷ್ಟು ಬೆಲ್ಲದ ನಡುವೆ ನನ್ನ ಗಂಡ ಸಕ್ಕರೆ ಇಲ್ಲದೆ ಸಾಯುತ್ತಿದ್ದರು.

'ಬೆಲ್ಲ ಕೊಡಿ' ಎಂದೆ. ಯಾರೂ ಅಲ್ಲಾಡಲಿಲ್ಲ. 'ಬೆಲ್ಲ ಕೊಡ್ರೀ!' ಎಂದು ಕಿರುಚಿದೆ.

ನಿಂಗವ್ವ ನನ್ನ ಸೊಂಟ ಹಿಡಿದುಕೊಂಡರು. 'ಬ್ಯಾಡ ಕಣವ್ವಾ, ನಿಂಗ್ ದಿಕ್ ತಪ್ಪದೆ. ಇಸ ಅಂತ ಅವ್ರೇ ಯೋಳವ್ರೆ. ನಿನ್ ಕೈಯಾರೆ ಕೊಡ್ಬ್ಯಾಡ.'

ಬೆಲ್ಲದ ರಾಶಿಗೆ ಅಡ್ಡವಾಗಿ ಗೌಡರು ಎದ್ದುಬಂದು ನಿಂತಿದ್ದರು. ಆ ಊರಲ್ಲಿ ಅವರಿಗೆ ಎದುರಾಡಿದವರಿಲ್ಲ. ನಾನು ಇಪ್ಪತ್ತೆರಡರ ಸಣ್ಣ ಹೆಂಗಸು. ಅವತ್ತು ಬಾಯಿಗೆ ಬಂದದ್ದನ್ನೆಲ್ಲ ಅಂದೆ. 'ನನ್ನ ಗಂಡ ಕಣ್ರೀ ಅವರು, ಸತ್ತರೆ ತಾಳಿ ನಿಮ್ಮದು ಹೋಗುತ್ತಾ ನನ್ನದು ಹೋಗುತ್ತಾ? ಸರೀರಿ ಆಚೆ!' ಎಂದು ಆ ದೊಡ್ಡ ಮನುಷ್ಯರ ಎದೆಗೆ ಕೈ ಕೊಟ್ಟು ನೂಕಿದೆ. ನಿಂಗವ್ವನ ಕೈ ಕೊಡವಿದೆ. ಆಗಷ್ಟೇ ಸುರಿದಿದ್ದ ಅಚ್ಚಿಗೆ ಕೈ ಹಾಕಿ ಬಾಚಿದೆ. ಬೆರಳು ಚುರ್ರೆಂದಿತು. ಊದಿ ಆರಿಸಿ, ಇವರ ತಲೆಯನ್ನು ವಾರೆ ಮಾಡಿ, ಕೆನ್ನೆಯೊಳಗೆ ಸ್ವಲ್ಪಸ್ವಲ್ಪವೇ ಒತ್ತಿದೆ, ಒಸಡಿಗೆ ಉಜ್ಜಿದೆ. ನುಂಗಿ, ನುಂಗಿ ಎಂದು ಬೈಯುತ್ತಲೇ ಇದ್ದೆ. ನಾನು ವಿಷ ಹಾಕುವುದನ್ನು ಎಲ್ಲರೂ ನಿಂತು ನೋಡುತ್ತಿದ್ದರು.

ಗಂಟಲು ಆಡಿತು. ಇನ್ನೊಂದು ಚೂರು ಹಾಕಿದೆ. ನುಂಗುವುದು ಸರಿಹೋದ ಮೇಲೆ ಕಬ್ಬಿನ ಹಾಲು ಕುಡಿಸಿದೆ. ಎಷ್ಟು ಹೊತ್ತಾಯಿತೋ ನನಗೆ ತಿಳಿಯದು, ಎತ್ತುಗಳು ನಿಂತಲ್ಲೇ ನಿಂತಿದ್ದವು. ಇವರು ಕಣ್ಣು ತೆರೆದು ನನ್ನನ್ನು ನೋಡಿ, 'ತಲೆ ಯಾಕೆ ಕೆದರಿಕೊಂಡಿದೀಯೇ?' ಎಂದರು. ಅಷ್ಟೂ ಜನರ ಮುಂದೆ ಇವರ ಎದೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ನಮ್ಮ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ಗೌಡರು ಟವಲಿನಿಂದ ಮುಖ ಒರೆಸಿಕೊಂಡು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. 'ಅಂಗಾರೆ ನಾನು ಬೆಲ್ಲ ಮುಚ್ಚಾಕಿ ಇವ್ರನ್ನ ಕೊಲ್ತಿದ್ನಾ ತಾಯೀ?' ಎಂದರು. ಆ ಗಂಟಲು ಅಷ್ಟು ಸಣ್ಣದಾದದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ. ನಾನು ಅವರ ಕಾಲು ಮುಟ್ಟಿದೆ. ನಿಂಗವ್ವ ನನ್ನ ಸುಟ್ಟ ಬೆರಳನ್ನು ಬೆಣ್ಣೆಯಲ್ಲಿ ಅದ್ದಿದರು.

ಇಷ್ಟಾದ ಮೇಲೆ ಗುಟ್ಟು ಉಳಿಯುವುದೆಲ್ಲಿಂದ? ಮಾರನೆಯ ಸಂಜೆ ಹೆಡ್‌ಮೇಷ್ಟ್ರು ಮನೆಗೆ ಬಂದರು. ನಗುವನ್ನು ಅಳೆದು ತೂಗಿ ಖರ್ಚು ಮಾಡುವವರು. ಗೌಡರು, ನಿಂಗವ್ವ ಅವರ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಇವರು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. ಕಾಯಿಲೆ, ಸೂಜಿ, ತಾವೇ ಅಳತೆ ಮೀರಿ ಚುಚ್ಚಿಕೊಂಡದ್ದು, ಎಲ್ಲ. ಕೊನೆಗೆ, 'ಮೇಲಿನವರಿಗೆ ಬರೀತೀನಿ ಅಂದ್ರೆ ಬರೀರಿ ಸಾರ್, ನಾನು ಬೇಡ ಅನ್ನಲ್ಲ' ಎಂದು ತಲೆ ತಗ್ಗಿಸಿದರು.

ಹೆಡ್‌ಮೇಷ್ಟ್ರು ನನ್ನ ಕಡೆ ತಿರುಗಿದರು. 'ಇವರು ಅರ್ಧ ಹೇಳ್ತಾರೆ, ಅರ್ಧ ನುಂಗ್ತಾರೆ. ನೀನು ಹೇಳಮ್ಮ. ಆಫೀಸಿನಲ್ಲಿ ಒಂದು ಜಾಗ ಇದೆ, ನಾಳೆಯೇ ಕೂರಿಸ್ತೀನಿ. ಇಲ್ಲ, ಮೈದಾನಕ್ಕೆ ಇಳೀಬಹುದು ಅಂತ ನೀನು ಹೇಳಿದ್ರೆ ನಾನು ಏನೂ ಬರೆಯೋದಿಲ್ಲ.'

ವರ್ಷದಿಂದ ನಾನು ಬೇಡಿಕೊಂಡಿದ್ದ ಜಾಗ ಅದು. ಹೂಂ ಎಂದರೆ ಸಾಕಿತ್ತು, ಇನ್ನು ಮುಂದೆ ಯಾರೂ ಓಡಿಬಂದು 'ಮೇಷ್ಟ್ರು ಬಿದ್ಬುಟ್ರು' ಎನ್ನುವುದಿಲ್ಲ. ಇವರ ಮುಖ ನೋಡಿದೆ. ಇವರು ನನ್ನನ್ನು ನೋಡಲಿಲ್ಲ. ಕಣ್ಣಲ್ಲಿ ಬೇಡಿಕೊಳ್ಳಬಹುದಿತ್ತು, ಬೇಡಿಕೊಳ್ಳಲಿಲ್ಲ. ನಾನು ಏನು ಹೇಳಿದರೂ ಒಪ್ಪಿಕೊಳ್ಳುವುದೆಂದು ಗಟ್ಟಿ ಮಾಡಿಕೊಂಡು ನೆಲ ನೋಡುತ್ತ ಕೂತಿದ್ದರು. ಅಷ್ಟು ಪ್ರೀತಿ ಇವರ ಮೇಲೆ ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ.

'ಇಳೀಲಿ ಸಾರ್' ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. 'ಆದ್ರೆ ಮನೇಲಿ ಎರಡು ಸಿರಿಂಜು ಇರಬೇಕು. ತಿಂದೇ ಇಳೀಬೇಕು. ನನ್ನ ಕೇಳದೆ ಒಂದು ಗೆರೆ ಜಾಸ್ತಿ ಚುಚ್ಚಿಕೊಂಡ್ರೆ ನಾನೇ ಬಂದು ಆಫೀಸಿನಲ್ಲಿ ಕಟ್ಟಿಹಾಕ್ತೀನಿ.'

ಬಾಗಿಲಿನಿಂದ ಗೌಡರು, 'ಬೆಲ್ಲದ್ ಚಿಂತೆ ನಮಗ್ ಬುಡಿ ಸಾಮಿ' ಎಂದರು. ಹೆಡ್‌ಮೇಷ್ಟ್ರು ನಕ್ಕರು.

ಮೂರು ದಿನ ಬಿಟ್ಟು ಬೆಳಿಗ್ಗೆ ಇವರಿಗೆ ಸೂಜಿ ಚುಚ್ಚಿ, ಎದುರಿಗೆ ಕೂತು ರೊಟ್ಟಿ ತಿನ್ನಿಸಿ ಕಳಿಸಿದೆ. ಬೀದಿಯ ತಿರುವು ದಾಟುವತನಕ ನಡೆದರು, ಆಮೇಲೆ ನಾನು ನೋಡುತ್ತಿಲ್ಲ ಎಂದುಕೊಂಡು ಓಡಿದರು. ಮನೆಯೊಳಗೆ ಕೆಲಸ ರಾಶಿ ಬಿದ್ದಿತ್ತು. ನಾನು ಹೊಸಿಲ ಮೇಲೆ ಕೂತೆ. ಮಂಜಿನಾಚೆ ಮೈದಾನ ಕಾಣುತ್ತಿರಲಿಲ್ಲ, ಇವರು ಊದುವ ವಿಶಲ್ ಮಾತ್ರ ಕೇಳುತ್ತಿತ್ತು. ಅದು ನಿಂತರೆ ಓಡಬೇಕು ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕಿವಿ ಕೊಟ್ಟು ಕೂತೇ ಇದ್ದೆ. ಬಿಸಿಲು ಬಂತು, ಮಂಜು ಕರಗಿತು, ವಿಶಲ್ ನಿಲ್ಲಲಿಲ್ಲ.